ಮನೆಗೇ ಬಂದ ದನಿ

ನಮ್ಮೂರಿನಲ್ಲಿ ಮಕ್ಕಳು ಹದಿಮೂರೋ ಹದಿನಾಲ್ಕೋ ತುಂಬುವ ಹೊತ್ತಿಗೆ ಮೂಕರಾಗುತ್ತಾರೆ. ಒಂದು ಬೆಳಿಗ್ಗೆ ಎದ್ದು ಅಮ್ಮಾ ಎಂದು ಕರೆಯಲು ಹೋದರೆ ಬಾಯಿ ತೆರೆಯುತ್ತದೆ, ಉಸಿರು ಬರುತ್ತದೆ, ದನಿ ಬರುವುದಿಲ್ಲ. ಅಂದು ಮನೆಯಲ್ಲಿ ಶಾವಿಗೆ ಪಾಯಸ ಮಾಡುತ್ತಾರೆ. ಶಾಲೆಯಲ್ಲಿ ಮೂಕರಾದವರಿಗೆ ಕೊನೆಯ ಬೆಂಚು, ಕೈಗೊಂದು ಸ್ಲೇಟು. ಕೆಲವು ವಾರ ಕಳೆದ ಮೇಲೆ ದನಿ ಬರುತ್ತದೆ. ಆದರೆ ಅದು ಹೋದ ದನಿಯಲ್ಲ. ಊರಿನಲ್ಲಿ ಸತ್ತುಹೋದ ಯಾರದೋ ದನಿ. ಗಂಡಸಿನ ದನಿ ಹುಡುಗಿಗೆ ಬರಬಹುದು, ಮುದುಕಿಯ ದನಿ ಹುಡುಗನಿಗೆ ಬರಬಹುದು, ಅದಕ್ಕೆ ಇಂಥದೇ ಲೆಕ್ಕ ಎಂದಿಲ್ಲ. ನಮ್ಮ ಕನ್ನಡ ಮೇಷ್ಟರಿಗೆ ಜಟಕಾ ಓಡಿಸುತ್ತಿದ್ದವನ ದನಿ ಬಂದಿತ್ತು. ಅವರು ಹಳಗನ್ನಡ ಪದ್ಯ ಓದಿದರೂ ಕುದುರೆಯನ್ನು ದಿಣ್ಣೆ ಹತ್ತಿಸುತ್ತಿದ್ದ ಹಾಗೆ ಕೇಳುತ್ತಿತ್ತು. ಪೈಲ್ವಾನ ಹಾಲಪ್ಪನದು ಸೂಲಗಿತ್ತಿಯೊಬ್ಬಳ ದನಿ. ಕುಸ್ತಿಯಲ್ಲಿ ಎದುರಾಳಿಯನ್ನು ನೆಲಕ್ಕೆ ಒತ್ತಿ ಹಿಡಿದು ಅವನು ‘ಸೋತೆ ಅನ್ನು’ ಎಂದರೆ ಕೆಳಗಿದ್ದವನಿಗೆ ನಗು ತಡೆಯಲಾಗದೆ ಕೈಕಾಲು ಸಡಿಲವಾಗುತ್ತಿದ್ದವು. ಹುಡುಗನಿಗೆ ಹುಡುಗಿಯ ಸ್ವಂತ ಅಜ್ಜಿಯ ದನಿ ಇದೆ ಎಂದು ತಿಳಿದು ನಿಶ್ಚಿತಾರ್ಥಕ್ಕೆ ಬಂದವರು ಕಾಫಿ ಕುಡಿದು ಎದ್ದುಹೋದದ್ದೂ ಉಂಟು.

ದನಿ ಬಂದ ಮಗುವನ್ನು ಚಾವಡಿಯಲ್ಲಿ ಒಂದು ಬೆಡ್‌ಶೀಟು ಕಟ್ಟಿ ಅದರ ಹಿಂದೆ ಕೂರಿಸುತ್ತಾರೆ. ಈಚೆ ಕಡೆ ಊರಿನ ಹಿರಿಯರು ಕೂತಿರುತ್ತಾರೆ. ಬೆಳಗಿನಿಂದ ತಾನು ಏನೇನು ತಿಂದೆ ಎಂದು ಮಗು ಹೇಳಬೇಕು. ಒಬ್ಬರಲ್ಲ ಒಬ್ಬರು ದನಿಯನ್ನು ಗುರುತು ಹಿಡಿಯುತ್ತಾರೆ. ಅಂದಿನಿಂದ ಸತ್ತವರ ಮನೆಯವರಿಗೆ ಕೇಳುವ ವರ್ಷ ಶುರುವಾಗುತ್ತದೆ. ಪ್ರತಿ ಅಮಾವಾಸ್ಯೆಯ ದಿನ ಅವರು ಮಗುವಿನ ಮನೆಗೆ ಬಂದು ಕೂತು ಕೆಲವು ಮಾತು ಆಡಿಸಿಕೊಂಡು ಹೋಗಬಹುದು. ಊಟದ ಮಾತು, ಮಳೆಯ ಮಾತು, ಹೆಸರು ಹಿಡಿದು ಕರೆಯುವುದು, ಅಷ್ಟೇ. ಸಾವಿನ ಮಾತು ಆಡಿಸುವಂತಿಲ್ಲ. ವರ್ಷ ಮುಗಿದರೆ ದನಿ ಪೂರ್ತಿ ಆ ಮಗುವಿನದು. ಕೇಳುವ ಹಕ್ಕು ಆ ದನಿಯಿದ್ದವರಲ್ಲಿ ಕೊನೆಗೆ ಸತ್ತವರ ಮನೆಗೆ ಮಾತ್ರ. ಅವರಿಗಿಂತ ಹಿಂದೆ ಅದು ಯಾರ ಗಂಟಲಲ್ಲಿತ್ತು ಎಂದು ಎತ್ತಿ ಆಡುವುದು ನಮ್ಮಲ್ಲಿ ಮರ್ಯಾದಸ್ತರ ಲಕ್ಷಣವಲ್ಲ.

ನನ್ನ ಅಣ್ಣ ಶಂಭು ನನಗಿಂತ ಎಂಟು ವರ್ಷ ದೊಡ್ಡವನು. ಅವನು ಹೋದಾಗ ನನಗೆ ಹನ್ನೆರಡು. ಕಾಯಿಲೆಯಿಂದ ಹೋದ ಎಂದು ಊರಿನವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅವನು ತಾನಾಗಿಯೇ ಹೋದವನು ಎಂಬುದೂ ಎಲ್ಲರಿಗೂ ಗೊತ್ತು. ಹೋಗುವುದಕ್ಕೆ ಬಹಳ ಮುಂಚಿನಿಂದಲೂ ಅವನು ಹಗಲು ಹೊತ್ತಿನಲ್ಲಿ ಗೋಡೆಗೆ ಮುಖಮಾಡಿ ಮಲಗುತ್ತಿದ್ದ. ಕಾಲೇಜು ಬಿಟ್ಟ. ತಟ್ಟೆಯ ಮುಂದೆ ಕೂತು ಅನ್ನವನ್ನು ಕಲಸುತ್ತಲೇ ಇರುತ್ತಿದ್ದ, ತುತ್ತು ಎತ್ತುತ್ತಿರಲಿಲ್ಲ. ಏನಾಗಿದೆಯೋ ಎಂದರೆ ‘ಏನಿಲ್ಲ’ ಎನ್ನುತ್ತಿದ್ದ. ಅವನದು ದಪ್ಪ ದನಿ, ತುಸು ಒಡಕು, ಬೀದಿಯ ತುದಿಯವರೆಗೆ ಮುಟ್ಟುವಂಥದು. ಅಂಥ ದನಿಯಲ್ಲಿ ಅಷ್ಟು ಸಣ್ಣ ಮಾತು ಕೇಳಿದರೆ ಖಾಲಿ ಕಣಜದಲ್ಲಿ ಕಾಳೊಂದು ಉರುಳಿದ ಹಾಗೆ ಇರುತ್ತಿತ್ತು. ಸರ್ಕಾರಿ ಆಸ್ಪತ್ರೆಗೆ ಗುರುವಾರಗಳಂದು ಹೊರಗಿನಿಂದ ಮನಸ್ಸಿನ ಡಾಕ್ಟರು ಬರುತ್ತಾರೆ, ಒಂದು ಸಲ ತೋರಿಸೋಣವೇ ಎಂದು ಅಪ್ಪ ಮೆಲ್ಲಗೆ ಕೇಳಿದ್ದ. “ನನ್ನ ಮಗ ಹುಚ್ಚನಾ? ನಾಳೆ ಅವನಿಗೆ ಹೆಣ್ಣು ಕೊಡೋರು ಯಾರು?” ಎಂದು ಅಮ್ಮ ಅಂದಿದ್ದಳು. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಅಪ್ಪನ ಹೆಸರು ಗುರುಶಾಂತಪ್ಪ. ಅವನದು ಹಿಟ್ಟಿನ ಗಿರಣಿ. ಶಂಭು ಹೋದ ಮೇಲೆ ಅಪ್ಪ ಬೆಳಿಗ್ಗೆ ಗಿರಣಿ ಹಾಕಿದರೆ ಕತ್ತಲಾಗುವವರೆಗೂ ನಿಲ್ಲಿಸುತ್ತಿರಲಿಲ್ಲ. ಬೀಸಲು ಏನೂ ಇಲ್ಲದಾಗಲೂ ಬೆಲ್ಟು ತಿರುಗುತ್ತಲೇ ಇರುತ್ತಿತ್ತು. ಆ ಸದ್ದಿನಲ್ಲಿ ಯಾರೂ ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲ.

ಅಮ್ಮ ಊರಿನ ಚಾವಡಿಗೆ ಹೋಗತೊಡಗಿದಳು. ಯಾರ ಮನೆಯ ಮಗುವಿಗೆ ದನಿ ಬಂದಿದೆ ಎಂದು ಸುದ್ದಿಯಾದರೂ ಒಲೆಯ ಮೇಲಿದ್ದುದನ್ನು ಇಳಿಸಿ, ಸೆರಗು ಹೊದ್ದು, ನನ್ನ ಕೈ ಹಿಡಿದು ಹೊರಡುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ. ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ಬೆಡ್‌ಶೀಟಿನ ಹಿಂದಿನಿಂದ ಮಗು ‘ಉಪ್ಪಿಟ್ಟು ತಿಂದೆ’ ಎಂದೋ ‘ಬಾಳೆಹಣ್ಣು ತಿಂದೆ’ ಎಂದೋ ಹೇಳಿದ ಕೂಡಲೇ ಅವಳ ಹಿಡಿತ ಬಿಗಿಯಾಗುತ್ತಿತ್ತು, ಮರುಗಳಿಗೆ ಸಡಿಲವಾಗುತ್ತಿತ್ತು. ಹಿರಿಯರು ಹೊರಗೆ ಬಂದು, “ಬರುತ್ತೆ ಚನ್ನಾಜಮ್ಮ, ಎಲ್ಲರದೂ ಬರುತ್ತೆ. ಕೆಲವು ತಡವಾಗುತ್ತೆ ಅಷ್ಟೇ,” ಎನ್ನುತ್ತಿದ್ದರು. ವಾಪಸು ಬರುವಾಗ ಅವಳು ನನ್ನ ಕೈ ಹಿಡಿಯುತ್ತಿರಲಿಲ್ಲ. ಹಿಂದೆ ಬರುತ್ತಿದ್ದೇನೆ ಎಂಬುದು ಅವಳಿಗೆ ನೆನಪಿರುತ್ತಿತ್ತೋ ಇಲ್ಲವೋ, ನಾನು ಖಚಿತವಾಗಿ ಹೇಳಲಾರೆ.

ಹದಿನಾಲ್ಕಕ್ಕೆ ನಾನು ಮೂಕಳಾದೆ. ನಮ್ಮ ಮನೆಯಲ್ಲಿ ಪಾಯಸ ಮಾಡಲಿಲ್ಲ, ಅಮ್ಮನಿಗೆ ಮರೆತುಹೋಯಿತು. ಕೊನೆಯ ಬೆಂಚಿನಲ್ಲಿ ಕೂತು ನಾನು ಒಂದೇ ಬೇಡಿಕೊಳ್ಳುತ್ತಿದ್ದೆ. ಕುಂಬಾರನದು ಬರಲಿ, ಪೂಜಾರಿಯದು ಬರಲಿ, ಊರೆಲ್ಲ ಬೈದುಕೊಂಡು ತಿರುಗುತ್ತಿದ್ದ ಆ ಮೀನಿನವಳದೇ ಬರಲಿ, ಅದೊಂದು ಮಾತ್ರ ಬೇಡ. ನನ್ನ ಗೆಳತಿ ಜರೀನಾಗೆ ಆಗಲೇ ದನಿ ಬಂದಿತ್ತು. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕೂತಿರುತ್ತಿದ್ದ ಜವಾನನ ದನಿ. ಅವಳು ‘ಪೆನ್ಸಿಲ್ ಕೊಡೇ’ ಎಂದು ಕೇಳಿದರೂ ಸಾಹೇಬರು ಇಲ್ಲ, ನಾಳೆ ಬಾ ಎಂದ ಹಾಗೇ ಇರುತ್ತಿತ್ತು.

ದನಿ ಬಂದದ್ದು ಬಚ್ಚಲಿನಲ್ಲಿ. ಬಿಸಿನೀರು ಕಾಲ ಮೇಲೆ ಚೆಲ್ಲಿ ‘ಅಯ್ಯೋ’ ಎಂದೆ. ಒಂದೇ ಮಾತು. ಶಂಭು ನನ್ನ ಹಿಂದೆಯೇ ನಿಂತು ಅಂದ ಹಾಗಿತ್ತು. ನಾನು ತಿರುಗಿಯೂ ನೋಡಿದೆ. ಆಮೇಲೆ ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತೆ. ದನಿ ಬಂದ ಮೇಲೂ ಕೆಲವು ದಿನ ನಾನು ಮೂಕಳ ಹಾಗೆಯೇ ಸ್ಲೇಟು ಹಿಡಿದು ಓಡಾಡಿದೆ. ಆದರೆ ನಿದ್ದೆಯಲ್ಲಿ ಮಾತಾಡುವುದನ್ನು ಯಾರು ತಡೆಯುತ್ತಾರೆ? ಒಂದು ಬೆಳಿಗ್ಗೆ ಕಣ್ಣು ಬಿಟ್ಟಾಗ ಅಮ್ಮ ನನ್ನ ಹಾಸಿಗೆಯ ಪಕ್ಕ ಕೂತಿದ್ದಳು. ಕೂದಲು ಕೆದರಿತ್ತು, ಮುಖ ತೊಳೆದಿರಲಿಲ್ಲ, ಮುಖದಲ್ಲಿ ಎಷ್ಟೋ ಕಾಲದಿಂದ ನಾನು ಕಾಣದ ಬೆಳಕಿತ್ತು. “ಇನ್ನೊಂದ್ಸಲ ಮಾತಾಡು,” ಎಂದಳು.

ಚಾವಡಿಯಲ್ಲಿ ಬೆಡ್‌ಶೀಟಿನ ಹಿಂದೆ ನಾನು ‘ರೊಟ್ಟಿ ತಿಂದೆ’ ಎಂದಷ್ಟೇ ಹೇಳಿದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. “ಮನೆಯ ದನಿ ಮನೆಗೇ ಬಂತು. ಇದು ನೂರಕ್ಕೊಬ್ಬರಿಗೆ ಸಿಗೋ ಪುಣ್ಯ,” ಎಂದರು. ಆ ಪುಣ್ಯದಲ್ಲಿ ಒಂದು ತೊಡಕಿತ್ತು, ಅದು ಅವರಿಗೆ ಹೊಳೆಯಲಿಲ್ಲ. ಬೇರೆ ಮನೆಯವರಾದರೆ ಅಮಾವಾಸ್ಯೆಗೊಮ್ಮೆ ಬರುತ್ತಾರೆ, ಚಾಪೆಯ ಮೇಲೆ ಕೂರುತ್ತಾರೆ, ಕಣ್ಣೊರೆಸಿಕೊಂಡು ಹೋಗುತ್ತಾರೆ, ವರ್ಷಕ್ಕೆ ಮುಗಿಯುತ್ತದೆ. ಕೇಳುವವಳೇ ಮನೆಯಲ್ಲಿದ್ದರೆ ಯಾವುದು ಅಮಾವಾಸ್ಯೆ?

ಶುರುವಿನಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು. ಶಂಭು ಸಂಜೆ ಮನೆಗೆ ಬಂದವನೇ ಹೊಸಿಲಲ್ಲಿ ಚಪ್ಪಲಿ ಬಿಡುತ್ತ, ‘ಅಮ್ಮಾ, ಏನು ಮಾಡಿದೀಯ ತಿನ್ನೋಕೆ’ ಎನ್ನುತ್ತಿದ್ದ. ನಾನು ಶಾಲೆಯಿಂದ ಬಂದು ಅದನ್ನು ಹೇಳಬೇಕು. ಹೇಳಿದೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ, “ಚಕ್ಕುಲಿ ಮಾಡಿದೀನಿ ಕಣೋ, ಕೈಕಾಲು ತೊಳ್ಕೊಂಡು ಬಾ,” ಎಂದಳು. ಚಕ್ಕುಲಿ ಅವನಿಗೆ ಇಷ್ಟ. ನನಗೆ ಹಲ್ಲು ನೋಯುತ್ತದೆ. ತಿಂದೆ. ಮಾರನೆಯ ದಿನವೂ ಹೇಳಿದೆ, ಅದರ ಮಾರನೆಯ ದಿನವೂ. ಆಮೇಲೆ ಬೆಳಿಗ್ಗೆಯ ಮಾತು ಸೇರಿತು, ಮಲಗುವಾಗಿನ ಮಾತು ಸೇರಿತು. ನಾನು ಏನು ಹೇಳಿದರೂ ಅವಳು ನನ್ನನ್ನು ನೋಡುತ್ತಿರಲಿಲ್ಲ. ನೋಡಿದರೆ ಎರಡು ಜಡೆ, ಲಂಗ, ನನ್ನ ಗಿಡ್ಡ ಮೂಗು ಅಡ್ಡ ಬರುತ್ತಿದ್ದವು. ಅವಳು ತುಂಬ ಸಂತೋಷವಾಗಿದ್ದಳು. ಅದೇ ಕಷ್ಟವಾಗಿತ್ತು. ಎರಡು ವರ್ಷ ಸರಿಯಾಗಿ ಉಣ್ಣದವಳು ಉಣ್ಣುತ್ತಿದ್ದಳು, ಹೂ ಮುಡಿಯುತ್ತಿದ್ದಳು. ನಾನು ಬಾಯಿ ಮುಚ್ಚಿದರೆ ಅದೆಲ್ಲ ನಿಂತುಹೋಗುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಒಬ್ಬರ ಪ್ರಾಣ ನನ್ನ ನಾಲಿಗೆಯ ಮೇಲಿದೆ ಎಂದುಕೊಂಡು ನಾನು ದಿನವಿಡೀ ಎಚ್ಚರಿಕೆಯಿಂದ ಮಾತಾಡುತ್ತಿದ್ದೆ.

ಅಪ್ಪ ನನ್ನ ದನಿ ಕೇಳಿದರೆ ಎದ್ದು ಹೋಗುತ್ತಿದ್ದ. ಬೇಸರದಿಂದಲ್ಲ, ತಡೆಯಲಾಗದೆ.

ಆ ಚಳಿಗಾಲದಲ್ಲಿ ನನಗೆ ನಿದ್ದೆ ಕೆಟ್ಟಿತು. ಕಾಗೆ ಕೂಗುವ ಮುಂಚೆಯೇ ಎಚ್ಚರವಾಗುತ್ತಿತ್ತು. ಎದೆಯ ಮೇಲೆ ಹಿಟ್ಟಿನ ಚೀಲ ಇಟ್ಟ ಹಾಗೆ ಭಾರ. ಊಟ ಒದ್ದೆ ಕಾಗದ ಅಗಿದ ಹಾಗಿರುತ್ತಿತ್ತು. ಪಾಠದಲ್ಲಿ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅದರ ಮೊದಲು ಏನಿತ್ತು ಎಂಬುದು ಹೋಗಿಬಿಡುತ್ತಿತ್ತು. ಒಂದು ಮಧ್ಯಾಹ್ನ ಸುಮ್ಮನೆ ಮಲಗಿದ್ದೆ, ಕಣ್ಣು ತೆರೆದರೆ ಎದುರಿಗೆ ಗೋಡೆ. ಎಷ್ಟು ಹೊತ್ತಿನಿಂದ ಆ ಕಡೆ ತಿರುಗಿ ಮಲಗಿದ್ದೆನೋ ಗೊತ್ತಿಲ್ಲ. ಗೋಡೆಯ ಸುಣ್ಣದಲ್ಲಿ ಶಂಭುವಿನ ಉಗುರಿನ ಗೀರುಗಳಿದ್ದವು. ಆಗ ನನಗೆ ಎಲ್ಲವೂ ಅರ್ಥವಾಯಿತು ಅನ್ನಿಸಿತು. ದನಿ ಒಂಟಿಯಾಗಿ ಬಂದಿಲ್ಲ, ಕಾಯಿಲೆಯನ್ನೂ ಕರೆದುಕೊಂಡು ಬಂದಿದೆ. ಇದು ಶಂಭುವಿನ ದುಃಖ, ಗಂಟಲಿನಿಂದ ಎದೆಗೆ ಇಳಿದಿದೆ, ಅವನನ್ನು ಎಲ್ಲಿಗೆ ಕರೆದುಕೊಂಡು ಹೋಯಿತೋ ನನ್ನನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಅದರಲ್ಲಿ ನಾನು ಮಾಡುವುದು ಏನೂ ಇಲ್ಲ.

ಜರೀನಾಳನ್ನು ಕೇಳಿದೆ. “ದನಿ ಜೊತೆ ಬೇರೆ ಏನಾದ್ರೂ ಬರುತ್ತಾ?”

“ನಂಗಂತೂ ಏನೂ ಬರ್ಲಿಲ್ಲಮ್ಮ,” ಎಂದಳು ಅವಳು. “ಬರೋ ಹಾಗಿದ್ರೆ ಆ ಜವಾನನ ಪೆನ್ಷನ್ನಾದ್ರೂ ಬರ್ಬೇಕಿತ್ತು. ಯಾಕೆ, ಏನಾಯ್ತೇ ನೀಲಾ?”

ನನ್ನ ಹೆಸರು ನೀಲಾಂಬಿಕೆ. ಆ ದಿನಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. “ಏನಿಲ್ಲ,” ಎಂದೆ. ಅವಳು ನನ್ನನ್ನು ಒಂದು ಥರ ನೋಡಿದಳು. ಆ ದನಿಯಲ್ಲಿ ಆ ಮಾತನ್ನು ನಮ್ಮೂರಿನ ಯಾರು ಕೇಳಿದ್ದರೂ ಹಾಗೆಯೇ ನೋಡುತ್ತಿದ್ದರು.

ಅಮ್ಮನಿಗೆ ಹೇಳುವುದು ಹೇಗೆ? ಬಾಯಿ ತೆರೆದು ‘ಅಮ್ಮಾ, ನನಗೆ ಆಗುತ್ತಿಲ್ಲ’ ಎಂದರೆ ಅವಳಿಗೆ ಕೇಳುವುದು ಮಗ. ನಾನು ಆಡುವ ಪ್ರತಿ ಮಾತೂ ದಾರಿಯಲ್ಲೇ ಅವನ ಹೆಸರಿಗೆ ಜಮೆಯಾಗುತ್ತಿತ್ತು. ಬರೆದು ತೋರಿಸೋಣವೆಂದರೆ ಅವಳಿಗೆ ಓದಲು ಬರುವುದಿಲ್ಲ.

ಹಾಗಾಗಿ ನಾನು ಗಿರಣಿಗೆ ಹೋಗತೊಡಗಿದೆ. ಶಾಲೆ ಬಿಟ್ಟ ಮೇಲೆ ಚೀಲ ಕಟ್ಟಿಕೊಡುತ್ತೇನೆ ಎಂದೆ. ಅಪ್ಪ ಬೇಡವೆನ್ನಲಿಲ್ಲ. ಬೆಲ್ಟು ಗರಗರ ತಿರುಗುವಾಗ, ಕಲ್ಲು ಉಜ್ಜುವಾಗ, ತಗಡಿನ ಮಾಡು ನಡುಗುವಾಗ ಅಲ್ಲಿ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುವುದಿಲ್ಲ. ಜನ ಕೈಸನ್ನೆಯಲ್ಲೇ ‘ಸಣ್ಣಗೆ’, ‘ತರಿ ತರಿ’ ಎಂದು ಹೇಳುತ್ತಾರೆ. ಹಿಂದಿನ ಮೂಲೆಯಲ್ಲಿ ಜೋಳದ ಚೀಲಗಳ ನಡುವೆ ನಿಂತು ನಾನು ಕೂಗುತ್ತಿದ್ದೆ. ಮೊದಲು ನನ್ನ ಹೆಸರನ್ನೇ ಕೂಗಿದೆ. ಆಮೇಲೆ ಬಾಯಿಗೆ ಬಂದದ್ದು. ಅಷ್ಟು ದೊಡ್ಡ ದನಿಯನ್ನು ಪೂರ್ತಿ ಬಿಟ್ಟು ಕೂಗಿದರೆ ಎದೆ ಒಂದು ಗಳಿಗೆ ಹಗುರವಾಗುತ್ತಿತ್ತು. ನನಗೇ ಕೇಳುತ್ತಿರಲಿಲ್ಲ, ಅದು ಇನ್ನೂ ಒಳ್ಳೆಯದೇ.

ಅಂದು ಸಾಲಿನಲ್ಲಿ ಐದಾರು ಜನ ಇದ್ದರು. ನಾನು ಕಣ್ಣು ಮುಚ್ಚಿ, ಮುಷ್ಟಿ ಬಿಗಿದು ಕೂಗುತ್ತಿದ್ದೆ. ಕರೆಂಟು ಹೋದದ್ದು, ಬೆಲ್ಟು ನಿಧಾನವಾಗಿ ಜೋಲುತ್ತ ನಿಂತದ್ದು ನನಗೆ ತಿಳಿಯಲಿಲ್ಲ. “ನಂಗೆ ಸಾಕಾಗಿದೆ. ನನ್ನ ಕೈಲಿ ಇನ್ನು ಆಗಲ್ಲ. ನಂಗೆ ಸಾಕಾಗಿದೆ,” ಎಂಬ ಮಾತು ಇಡೀ ಗಿರಣಿಯನ್ನು ತುಂಬಿ, ಬಾಗಿಲಿನಿಂದ ಹೊರಗೆ ಬೀದಿಗೂ ಹೋಯಿತು. ಕಣ್ಣು ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಾಳಿಯಲ್ಲಿ ಹಿಟ್ಟಿನ ಧೂಳು ಮೆಲ್ಲಗೆ ಇಳಿಯುತ್ತಿತ್ತು. ಅಪ್ಪ ಕಲ್ಲಿನ ಪಕ್ಕ ನಿಂತಿದ್ದ, ಕೈಯಲ್ಲಿದ್ದ ಮೊರ ವಾಲಿ ಅದರೊಳಗಿನ ರಾಗಿ ಅವನ ಪಾದದ ಮೇಲೆ ಸುರಿಯುತ್ತಿತ್ತು. ತನ್ನ ಮಗ ಬದುಕಿದ್ದಾಗ ಒಂದು ಸಲವೂ ಆಡದ ಮಾತನ್ನು ಅವನು ಮಗನ ದನಿಯಲ್ಲೇ ಕೇಳಿದ್ದ.

“ಶಿವನೇ, ಆ ಹುಡುಗಂದೇ ದನಿ,” ಎಂದು ಯಾರೋ ಪಿಸುಗುಟ್ಟಿದರು. “ಬರೀ ದನಿ ಅಲ್ಲ, ಅವನ ಸಂಕಟಾನೂ ಬಂದಿದೆ ಪಾಪ.”

“ಯಾರ ಸಂಕಟ?” ಎಂದಳು ಸಾಲಿನ ಮುಂದೆ ತನ್ನ ಪುಟ್ಟಿಯ ಮೇಲೆ ಕೂತಿದ್ದ ಮುದುಕಿ. ಕೆಳಗಿನ ಕೇರಿಯ ಹೊಂಬಾಳಮ್ಮ. ನನಗೆ ಮುಖ ಪರಿಚಯ ಅಷ್ಟೇ. “ದನೀಲಿ ಸಂಕಟ ಬರೋಕೆ ಅದೇನ್ ಸೌದೆ ಹೊರೆಯಾ, ಒಳಗೆ ಚೇಳು ಕೂತ್ಕೊಂಡು ಬರೋಕೆ? ಈ ಗಂಟಲು ನಂಗೊತ್ತು. ಇದು ನನ್ ಗಂಡಂದು.”

“ಹೊಂಬಾಳಮ್ಮ, ಸುಮ್ನಿರು,” ಎಂದರು ಪಕ್ಕದವರು. “ಹಿಂದಿಂದೆಲ್ಲ ಎತ್ತಬಾರ್ದು.”

“ಎತ್ತುದ್ರೆ ಏನಾಗುತ್ತೆ? ಈ ವಯಸ್ಸಲ್ಲಿ ನನ್ನ ಊರಿಂದಾಚೆ ಹಾಕ್ತೀರಾ? ಹಾಕಿ, ಹಿಟ್ಟು ಬೀಸ್ಕೊಂಡು ಹೋಯ್ತೀನಿ.” ಅವಳು ನನ್ನ ಕಡೆ ತಿರುಗಿದಳು. “ಬಾ ಇಲ್ಲಿ ಕಣವ್ವ. ನಿಮ್ಮಣ್ಣಂಗೆ ಈ ದನಿ ಬಂದಾಗ ಕೇಳೋ ವರ್ಷ ನಂದೇ ಆಗಿತ್ತು. ನೀನಿನ್ನೂ ಚಿಕ್ಕೋಳು, ಅಂಗಳದಲ್ಲಿ ಮಣ್ಣು ಆಡ್ತಿದ್ದೆ. ನನ್ ಗಂಡ ಮರಿಸ್ವಾಮಿ ಟೆಂಟ್ ಸಿನಿಮಾದಲ್ಲಿ ಕಡ್ಲೇಕಾಯಿ ಮಾರ್ತಿದ್ದ. ಅವನು ಕೂಗುದ್ರೆ ಪರದೆ ಮೇಲಿರೋ ಹೀರೋ ಏನಂದ ಅಂತ ಯಾರ್ಗೂ ಕೇಳ್ತಿರ್ಲಿಲ್ಲ. ಜನ ಕಡ್ಲೇಕಾಯಿ ತಗೊಳ್ತಿದ್ದಿದ್ದೇ ಅವನ ಬಾಯಿ ಮುಚ್ಚಿಸೋಕೆ. ನನ್ ಜೊತೆ ದಿನಾ ಜಗಳ. ನಕ್ರೆ ಮೂರು ಬೀದಿ ಎದ್ದು ಕೂರ್ಬೇಕು. ಮುದುಕ ಆಗೋಗಂಟ ಹಂಗೇ ಇದ್ದ. ಒಂದಿನ ಮಧ್ಯಾಹ್ನ ಉಂಡು, ಎಲೆ ಅಡಿಕೆ ಹಾಕ್ಕಂಡು, ಹಂಗೇ ಒರಗ್ದ, ಅಷ್ಟೇ. ನಿಮ್ಮಣ್ಣನ ಕಾಯಿಲೆ ಈ ಗಂಟಲಲ್ಲೇ ಇದ್ದಿದ್ರೆ ನನ್ ಗಂಡಂಗೂ ಬರ್ಬೇಕಿತ್ತಲ್ವಾ? ನಂಗೊಂದಿನಾನೂ ಕಾಣ್ಲಿಲ್ಲ.”

ನಾನು ಕೇಳಿದೆ, “ಹಾಗಾದ್ರೆ ನಂಗ್ಯಾಕೆ ಹೀಗಾಗ್ತಿದೆ?”

“ಅದು ನಂಗೇನ್ ಗೊತ್ತವ್ವ,” ಎಂದಳು ಹೊಂಬಾಳಮ್ಮ, ಈಗ ದನಿ ತಗ್ಗಿಸಿ. “ನಂಗೆ ಗೊತ್ತಿರೋದು ನನ್ ಗಂಡನ ವಿಚಾರ. ನಿನ್ ವಿಚಾರ ನಿನ್ನ ಕೇಳ್ಬೇಕು.”

ನಾನು ಅಳಲಿಲ್ಲ. ಸಮಾಧಾನವೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಭಯ ಹೆಚ್ಚಾಯಿತು. ಅದು ಶಂಭುವಿನದಾಗಿದ್ದರೆ ನಾನು ಅದನ್ನು ಹೊತ್ತವಳು ಮಾತ್ರ. ಅವನದಲ್ಲ, ಮರಿಸ್ವಾಮಿಯದಂತೂ ಅಲ್ಲ ಎಂದಾದರೆ ಎದೆಯ ಮೇಲಿನ ಈ ಚೀಲ ನನ್ನದೇ. ನನ್ನದು ಎಂದು ಹೇಳಿಕೊಳ್ಳಬಹುದಾದ ವಸ್ತು ಆ ಮನೆಯಲ್ಲಿ ನನಗೆ ಬೇರೆ ಏನೂ ಉಳಿದಿರಲಿಲ್ಲ ಎಂಬ ಯೋಚನೆಯೂ ಅದರ ಹಿಂದೆಯೇ ಬಂತು. ನಾನು ಜೋಳದ ಚೀಲದ ಮೇಲೆ ಕೂತುಬಿಟ್ಟೆ.

ಕರೆಂಟು ಬಂತು. ಅಪ್ಪ ಸ್ವಿಚ್ಚು ಹಾಕಲಿಲ್ಲ. “ನಾಳೆ ಬನ್ನಿ,” ಎಂದು ಎಲ್ಲರಿಗೂ ಹೇಳಿದ. ಹೊಂಬಾಳಮ್ಮ ಬೀಸದ ರಾಗಿಯನ್ನು ತಲೆಯ ಮೇಲಿಟ್ಟುಕೊಂಡು ಹೋದಳು. ಅಪ್ಪ ನನ್ನ ಹತ್ತಿರ ಬಂದು, ಪಂಚೆಯ ತುದಿಯಿಂದ ನನ್ನ ಮುಖದ ಮೇಲಿನ ಹಿಟ್ಟು ಒರೆಸಿದ. “ಎಷ್ಟು ದಿನದಿಂದ?” ಎಂದು ಕೇಳಿದ. ಹೇಳಿದೆ. ಅವನು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದ, ಎದ್ದು ಹೋಗಲಿಲ್ಲ. ಅವನ ಕಣ್ಣಿನಿಂದ ನೀರು ಇಳಿದು ಗಡ್ಡದ ಹಿಟ್ಟಿನಲ್ಲಿ ಗೆರೆ ಮಾಡುತ್ತಿತ್ತು.

ಮನೆಗೆ ಹೋದಾಗ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಏನೋ ಹೇಳಲು ಹೋದರೆ ಅವಳು ತಡೆದಳು. ಅವಳ ಕಣ್ಣು ಹೊಳೆಯುತ್ತಿದ್ದವು. “ಹೇಳಿದ್ನಂತೆ,” ಎಂದಳು. “ನನ್ನ ಮಗ ಕೊನೆಗೂ ಬಾಯಿ ಬಿಟ್ಟನಂತೆ. ಎಷ್ಟು ಕೇಳಿದ್ದೆ ನಾನು, ಏನಿಲ್ಲ ಏನಿಲ್ಲ ಅಂತಿದ್ದ. ಈಗ ಹೇಳ್ತಿದಾನೆ. ಬಾ, ಕೂತ್ಕೋ. ಎಲ್ಲಾ ಹೇಳು. ಏನಾಗಿತ್ತು ನಿಂಗೆ? ಅಮ್ಮನ ಹತ್ರ ಹೇಳು.”

ಸಾವಿನ ಮಾತು ಆಡಿಸುವಂತಿಲ್ಲ ಎಂಬ ಕಟ್ಟಳೆಯನ್ನು ಯಾರು ಯಾಕೆ ಮಾಡಿದರು ಎಂದು ನನಗೆ ಆಗ ತಿಳಿಯಿತು. ಅವಳು ನನ್ನ ಎರಡೂ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡಳು. ಕಣ್ಣು ಮುಚ್ಚಿ ಕಾದಳು. ನಾನು ಏನೇ ಹೇಳಿದರೂ, ನನಗೆ ನಿದ್ದೆ ಬರುತ್ತಿಲ್ಲ ಎಂದರೂ, ಬದುಕು ಭಾರ ಎಂದರೂ, ಅದು ಅವನ ಮಾತಾಗಿ ಅವಳ ಮಡಿಲಿಗೆ ಬೀಳುತ್ತಿತ್ತು. ಅವಳು ಅವನಿಗೆ ಸಮಾಧಾನ ಹೇಳುತ್ತಿದ್ದಳು, ಅವನ ತಲೆ ನೇವರಿಸುತ್ತಿದ್ದಳು. ನನ್ನ ತಲೆ ಅವಳ ಕೈ ಕೆಳಗೇ ಇರುತ್ತಿತ್ತು, ಅಷ್ಟೇ.

“ಚನ್ನಾಜಿ,” ಎಂದ ಅಪ್ಪ. “ಅದು ನೀಲಾ.”

“ನಂಗೊತ್ತಿಲ್ವಾ ಯಾರು ಅಂತ? ನೀವು ಸುಮ್ನಿರಿ.”

ಶಂಭು ಹೇಳಲು ಸಾಧ್ಯವೇ ಇಲ್ಲದ ಮಾತು ನನ್ನಲ್ಲಿ ಯಾವುದಿದೆ ಎಂದು ಹುಡುಕಿದೆ. ಒಂದಿತ್ತು. ಅದನ್ನು ನಾನು ಜರೀನಾಗೂ ಹೇಳಿರಲಿಲ್ಲ. ಅಪ್ಪ ಎದುರಿಗಿದ್ದ. ನಾಚಿಕೆಯಿಂದ ಕಿವಿ ಬಿಸಿಯಾದವು. ಆದರೂ ಹೇಳಿದೆ.

“ಅಮ್ಮಾ, ನಾನು ದೊಡ್ಡವಳಾದೆ. ಮೂಕಳಾಗಿದ್ದಾಗಲೇ ಆಯ್ತು. ನಿಂಗೆ ಹೇಳೋಕೆ ದನಿ ಇರ್ಲಿಲ್ಲ. ನೀನು ಅವತ್ತು ಚಾವಡಿಗೆ ಹೋಗಿದ್ದೆ. ನಿನ್ನ ಹಳೆ ಸೀರೆ ಹರ್ಕೊಂಡು ನಾನೇ ನೋಡ್ಕೊಂಡೆ. ಬಟ್ಟೇನ ಬಾವಿ ಹಿಂದೆ ಒಣಗಿಸ್ತಿದ್ದೆ, ನೀನು ನೋಡಲಿ ಅಂತಾನೇ. ನೀನು ಎರಡು ಸಲ ಅದನ್ನ ದಾಟಿಕೊಂಡೇ ನೀರಿಗೆ ಹೋದೆ. ನಿಂಗೆ ಕಾಣಲೇ ಇಲ್ಲ.”

ಅಮ್ಮ ಕಣ್ಣು ಬಿಟ್ಟಳು. ಆ ದಪ್ಪ ಒಡಕು ದನಿಯಲ್ಲಿ ಆ ಮಾತು ಎಷ್ಟು ವಿಚಿತ್ರವಾಗಿತ್ತೆಂದರೆ ಅವಳು ಒಂದು ಗಳಿಗೆ ಕಿವಿಯನ್ನೇ ಮುಟ್ಟಿ ನೋಡಿಕೊಂಡಳು. ಅವಳ ಮುಖದಲ್ಲಿ ಏನೋ ಹೊಂದಿಸಲು ಯತ್ನಿಸುತ್ತಿರುವುದು ನನಗೆ ಕಾಣುತ್ತಿತ್ತು. ಹೊಂದಲಿಲ್ಲ. ಮಗನ ಬಾಯಲ್ಲಿ ಆ ಮಾತನ್ನು ಎಲ್ಲಿಯೂ ಇಡಲು ಆಗಲಿಲ್ಲ. ಅಪ್ಪ ಮೆಲ್ಲಗೆ ಎದ್ದು ಹಿತ್ತಲಿಗೆ ಹೋದ.

“ಯಾವಾಗ?” ಎಂದಳು.

“ಮಾವಿನ ಹೂ ಬಿಟ್ಟಾಗ.”

“ಹೊಟ್ಟೆ ನೋವಿತ್ತಾ?”

“ಇತ್ತು. ತುಂಬ ಇತ್ತು.”

ಅವಳು ನನ್ನ ಕೈಗಳನ್ನು ಬಿಟ್ಟಳು. ಆಮೇಲೆ ಅವಳು ಅತ್ತ ರೀತಿಯನ್ನು ನಾನು ಸರಿಯಾಗಿ ಬರೆಯಲಾರೆ. ಶಂಭು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅವತ್ತು ಅವಳು ಕಾಯುವುದನ್ನು ಶುರುಮಾಡಿದ್ದಳು, ಈಗ ಕಾಯಲು ಏನೂ ಉಳಿದಿರಲಿಲ್ಲ. ಮನೆಗೇ ಬಂದಿದ್ದ ಮಗನನ್ನು ನಾನು ಎರಡನೆಯ ಸಲ ಹೊರಗೆ ಕಳಿಸಿದ ಹಾಗಾಯಿತೇ ಎಂಬ ಅಳುಕು ನನ್ನನ್ನು ಹಿಡಿಯಿತು, ಅದು ಪೂರ್ತಿ ಬಿಟ್ಟಿದೆ ಎಂದು ಈಗಲೂ ಹೇಳುವುದಿಲ್ಲ. ಆದರೆ ಅಳುತ್ತಲೇ ಅವಳು ನನ್ನ ಮೊಣಕಾಲನ್ನು ಒಂದೇ ಸಮನೆ ತಟ್ಟುತ್ತಿದ್ದಳು, ಸಣ್ಣ ಮಕ್ಕಳನ್ನು ಮಲಗಿಸುವಾಗ ತಟ್ಟುವ ಹಾಗೆ.

ಮುಂದಿನ ಕೆಲವು ದಿನ ಅಮ್ಮ ಊಟ ಬಿಟ್ಟಳು, ಹೂ ಬಿಟ್ಟಳು. ನಾನು ಹೆದರಿದ್ದೆಲ್ಲ ಒಂದೊಂದಾಗಿ ಆಯಿತು. ಬುಧವಾರ ಸಂಜೆ ಅವಳು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. “ನಿಂಗೂ ಅನ್ನ ಸೇರಲ್ವಾ?” ಎಂದು ಕೇಳಿದಳು. ಇಲ್ಲ ಎಂದೆ. “ಬೆಳಿಗ್ಗೆ ಬೇಗ ಎಚ್ಚರ ಆಗುತ್ತಾ?” ಆಗುತ್ತೆ ಎಂದೆ. ಅವಳ ಬೆರಳು ನನ್ನ ತಲೆಯಲ್ಲಿ ನಿಂತವು. “ನಾಳೆ ಗುರುವಾರ,” ಎಂದಳು.

ಆಸ್ಪತ್ರೆಯ ವರಾಂಡದ ತುದಿಯ ಕೋಣೆಗೆ ಹೋಗುವವರು ನಮ್ಮೂರಿನಲ್ಲಿ ಹಿಂದಿನ ಗೇಟಿನಿಂದ ಹೋಗುತ್ತಾರೆ. ಅಮ್ಮ ಮುಂದಿನ ಗೇಟಿನಿಂದಲೇ ನಡೆದಳು. ಚೀಟಿ ಕೊಡುವಲ್ಲಿದ್ದ ನರ್ಸು ನಮ್ಮ ಬೀದಿಯವಳೇ. “ಯಾರಿಗೆ, ಚನ್ನಾಜಮ್ಮ?” ಎಂದಳು. “ನನಗೆ,” ಎಂದೆ ನಾನು. ನರ್ಸು ದನಿ ಕೇಳಿ ತಲೆ ಎತ್ತಿದಳು, ಅವಳ ಮುಖದಲ್ಲಿ ಕನಿಕರ ಮೂಡಿತು. “ಅಯ್ಯೋ, ಶಂಭುವಿನ...” ಎಂದು ಶುರುಮಾಡಿದಳು. ಅಮ್ಮ ಕಿಟಕಿಯ ಕಂಬಿಯನ್ನು ಹಿಡಿದುಕೊಂಡಳು. “ಹೆಸರು ಬರ್ಕೋ,” ಎಂದಳು. “ನೀಲಾಂಬಿಕೆ.”

ಡಾಕ್ಟರು ಹೊರಗಿನವರು. ಹುಟ್ಟಿದಾಗಿನ ದನಿಯೇ ಬೆಳೆದು ದೊಡ್ಡದಾದಂಥ ಅವರ ಮಾತು ನಮಗೆ ಒಂದು ಥರ ಬೋಳು ಬೋಳಾಗಿ ಕೇಳಿಸುತ್ತಿತ್ತು. ನಾನು ನಮಸ್ಕಾರ ಎಂದಾಗ ನನ್ನ ದನಿಗೆ ಅವರು ಬೆಚ್ಚಲಿಲ್ಲ. ಹದಿನಾಲ್ಕರ ಹುಡುಗಿಯ ಹೆಸರು ಚೀಟಿಯಲ್ಲಿ ನೋಡಿ, ಅಭ್ಯಾಸದಂತೆ ದೊಡ್ಡವರ ಕಡೆ ತಿರುಗಿದರು. “ಹೇಳಿ ಅಮ್ಮಾ, ಏನು ತೊಂದರೆ ಇವಳಿಗೆ?”

ಅಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವಳು ಶಂಭುವಿನ ಕಥೆ ಹೇಳುತ್ತಾಳೆ ಎಂದು ನಾನು ಕಾದೆ. ಹೇಳಿದ್ದರೆ ತಪ್ಪೂ ಆಗುತ್ತಿರಲಿಲ್ಲ.

“ನಂಗೆ ಗೊತ್ತಿಲ್ಲ ಸಾರ್,” ಎಂದಳು ಅಮ್ಮ. “ಅವಳನ್ನೇ ಕೇಳಿ. ನಾನೂ ಕೇಳಿಸ್ಕೋತೀನಿ.”

ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಎಲ್ಲಿಂದ ಹೇಳಲಿ ಎಂದು ಕೇಳಿದೆ. ನಿದ್ದೆಯಿಂದ ಹೇಳು ಎಂದರು. ನಾನು ನಿದ್ದೆಯಿಂದ ಶುರುಮಾಡಿದೆ.